75 ದಾಟಿದವರಿಗೆ ಟ್ಯಾಕ್ಸ್ ಇಲ್ಲವಂತೆ

2021ರ ಗೌರಿ ಹಬ್ಬದ ವಾರ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಜಗಳ ಇದು. ನನ್ನ ಫೋನಿನಲ್ಲಿ ಯಾರನ್ನು ಏನೆಂದು ಸೇವ್ ಮಾಡಿಕೊಂಡಿದ್ದೇನೋ ಅದೇ ಹೆಸರು ಹಾಕಿದ್ದೇನೆ. ಶುಭೋದಯದ ಹೂವುಗಳನ್ನೂ ಕಷಾಯದ ವಿಡಿಯೊಗಳನ್ನೂ ತೆಗೆದಿದ್ದೇನೆ. ಪುಟ್ಟಿ ಅಂದರೆ ನಾನೇ, ವಯಸ್ಸು 38.

ಭಾನುವಾರ, ಸೆಪ್ಟೆಂಬರ್ 5

ದೊಡ್ಡಪ್ಪ: (ಫಾರ್ವರ್ಡ್) ಹಿರಿಯ ನಾಗರಿಕರಿಗೆ ಸಿಹಿ ಸುದ್ದಿ!! 75 ವರ್ಷ ದಾಟಿದವರು ಇನ್ನು ಮುಂದೆ ಇನ್‌ಕಂ ಟ್ಯಾಕ್ಸ್ ಕಟ್ಟಬೇಕಾಗಿಲ್ಲ. ರಿಟರ್ನ್ ಹಾಕಬೇಕಾಗಿಲ್ಲ. ನಿಮಗೆ ಗೊತ್ತಿರುವ ಎಲ್ಲ ಹಿರಿಯರಿಗೂ ತಲುಪಿಸಿ!!

ದೊಡ್ಡಪ್ಪ: ಪುಟ್ಟಿ, ನನಗೆ 77. ಒಂದು ವಾರದಿಂದ ಪಾಸ್‌ಬುಕ್ ಕಳಿಸಿ, ಬಿಲ್ ಕಳಿಸಿ ಅಂತ ಜೀವ ತಿನ್ನುತ್ತಿದ್ದೀಯಲ್ಲ, ಇನ್ನು ಬೇಡ.

ಮೈಸೂರು ಅತ್ತೆ: ಒಳ್ಳೇದಾಯ್ತು ಅಣ್ಣ

ನಾನು: ಒಂದು ನಿಮಿಷ ತಾಳಿ ದೊಡ್ಡಪ್ಪ. ಫೆಬ್ರವರಿ ಬಜೆಟ್‌ನಲ್ಲಿ ಹೇಳಿದ್ದು ರಿಟರ್ನ್ ಹಾಕುವ ಕೆಲಸ ತಪ್ಪುತ್ತದೆ ಅಂತ. ಟ್ಯಾಕ್ಸ್ ತಪ್ಪುತ್ತದೆ ಅಂತಲ್ಲ. ಬ್ಯಾಂಕಿನವರೇ ಲೆಕ್ಕ ಹಾಕಿ ಹಿಡಿದುಕೊಳ್ಳುತ್ತಾರೆ, ಅಷ್ಟೇ. ಅದಕ್ಕೂ ಪೆನ್ಷನ್, ಬಡ್ಡಿ ಬಿಟ್ಟರೆ ಬೇರೆ ಆದಾಯ ಇರಬಾರದು. ಬಡ್ಡಿಯೂ ಪೆನ್ಷನ್ ಬರುವ ಬ್ಯಾಂಕಿನದ್ದೇ ಆಗಿರಬೇಕು. ನಿಮ್ಮ ಎಫ್‌ಡಿ ಎಷ್ಟು ಕಡೆ ಇದೆ?

ದೊಡ್ಡಪ್ಪ: ಎರಡು ಬ್ಯಾಂಕು. ಒಂದು ಸೊಸೈಟಿ.

ಅಣ್ಣ ಪುಣೆ: ಸೊಸೈಟಿನಾ? ಅಪ್ಪ, ನನಗೆ ಹೇಳೇ ಇಲ್ಲ

ದೊಡ್ಡಪ್ಪ: ಅದು ಇಲ್ಲಿ ಬೇಡ.

ನಾನು: ಜೊತೆಗೆ ಆ ನಿಯಮ ಶುರುವಾಗಿದ್ದೇ ಈ ಏಪ್ರಿಲ್ 1ರಿಂದ. ನಾವು ಈಗ ಹಾಕಬೇಕಾದದ್ದು ಅದರ ಹಿಂದಿನ ವರ್ಷದ್ದು, 2020-21. ಜುಲೈ 31 ಇದ್ದದ್ದನ್ನು ಕೊರೋನಾ ಅಂತ ಈ ಸೆಪ್ಟೆಂಬರ್ 30ಕ್ಕೆ ತಂದಿದ್ದಾರೆ. ಉಳಿದಿರೋದು 25 ದಿನ.

ದೊಡ್ಡಪ್ಪ: 32 ವರ್ಷ ಲೆಕ್ಕದ ಮೇಷ್ಟರಾಗಿದ್ದವನು ನಾನು. ನನಗೆ ನೀನು ಪಾಠ ಮಾಡಬೇಡ. ಟಿವಿಯಲ್ಲೂ ಬಂದಿದೆ. ನನ್ನ ಜೊತೆ ವಾಕಿಂಗ್ ಬರುವವರು ಯಾರೂ ಈ ಸಲ ಹಾಕುತ್ತಿಲ್ಲ.

ಮೈಸೂರು ಅತ್ತೆ: ಪುಟ್ಟಿ, ಅಣ್ಣನಿಗೆ ಬಿಪಿ ಇದೆ. ಹಬ್ಬ ಮುಗಿಯಲಿ ಬಿಡೇ

ನಾನು: ಲೆಕ್ಕದ ಮೇಷ್ಟರಿಗೆ ಲೆಕ್ಕವನ್ನೇ ಕಳಿಸುತ್ತೇನೆ, ತಪ್ಪಿದ್ದರೆ ತಿದ್ದಲಿ. ಪೆನ್ಷನ್ 4,32,000. ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಕಳೆದರೆ 3,82,000. ಬಡ್ಡಿ ಮೊದಲನೇ ಬ್ಯಾಂಕಿನಲ್ಲಿ 1,20,000, ಎರಡನೆಯದರಲ್ಲಿ 40,000, ಸೊಸೈಟಿಯಲ್ಲಿ 26,000. ಎಲ್ಲ ಕೂಡಿದರೆ 5,68,000. ಹಿರಿಯರಿಗೆ ಬಡ್ಡಿಯಲ್ಲಿ 50,000 ಬಿಡುತ್ತಾರೆ, 80ಟಿಟಿಬಿ ಅಂತ. ಉಳಿಯುವುದು 5,18,000. ಅದಕ್ಕೆ ಸೆಸ್ ಸೇರಿ 14,144 ಟ್ಯಾಕ್ಸ್.

ಅಣ್ಣ ಪುಣೆ: 26,000 ಬಡ್ಡಿ ಅಂದರೆ ಸೊಸೈಟಿಲಿ ಮೂರು ಲಕ್ಷಕ್ಕೆ ಕಡಿಮೆ ಇಲ್ಲ!

ಅಪ್ಪ: ಹ್ಞೂಂ

ದೊಡ್ಡಪ್ಪ: 5 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತ ನೀನೇ ಹೋದ ವರ್ಷ ಹೇಳಿದ್ದೆ. ಮೇಲಿರುವುದು 18,000. ಅದಕ್ಕೆ 14,144? ಇದು ಯಾವ ಸೀಮೆ ಲೆಕ್ಕ? ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ನಾನು: ನಾನೂ ಕೊಡುತ್ತಿದ್ದೆ. ಆದರೆ ಕಾನೂನು ಹಾಗಿದೆ. ನಿಮ್ಮ ವಯಸ್ಸಿಗೆ 3 ಲಕ್ಷದವರೆಗೆ ಏನೂ ಇಲ್ಲ. 3ರಿಂದ 5ಕ್ಕೆ ಶೇ 5, ಅಂದರೆ 10,000. ಮೇಲಿನ 18,000ಕ್ಕೆ ಶೇ 20, ಅಂದರೆ 3,600. ಸೆಸ್ 544. 5 ಲಕ್ಷದ ಒಳಗಿದ್ದರೆ ಆ 10,000ವನ್ನು ರಿಬೇಟ್ ಅಂತ ಬಿಟ್ಟುಬಿಡುತ್ತಾರೆ. ಗೆರೆ ದಾಟಿದಿರೋ, ಅದನ್ನೂ ಸೇರಿಸಿ ಕೇಳುತ್ತಾರೆ. ಅದಕ್ಕೇ ನಾನು ಬಿಲ್ ಬಿಲ್ ಅಂತ ಹೊಡೆದುಕೊಳ್ಳುತ್ತಿರುವುದು. ಡಿಸೆಂಬರ್‌ನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿರಲ್ಲ, 24,000 ಆಯಿತು. ನಿಮಗೆ ಹೆಲ್ತ್ ಇನ್ಶೂರೆನ್ಸ್ ಇಲ್ಲ. ಹಾಗೆ ಇಲ್ಲದ ಹಿರಿಯರು ಚಿಕಿತ್ಸೆ ಖರ್ಚನ್ನೇ 50,000ದವರೆಗೆ ಕಳೆಯಬಹುದು, 80ಡಿಯಲ್ಲಿ. ನಗದು ಕೊಟ್ಟಿದ್ದರೆ ಮಾತ್ರ ಇಲ್ಲ.

ದೊಡ್ಡಪ್ಪ: ಚೆಕ್ ಕೊಟ್ಟಿದ್ದು. ನನ್ನದು ಯಾವತ್ತೂ ಚೆಕ್ಕೇ.

ನಾನು: ಹಾಗಾದರೆ 4,94,000. ಟ್ಯಾಕ್ಸ್ ಸೊನ್ನೆ! ಬ್ಯಾಂಕಿನವರು ಆಗಲೇ ಹಿಡಿದಿರುವ 9,000 ವಾಪಸ್ ಬರುತ್ತದೆ. ರಿಟರ್ನ್ ಹಾಕದಿದ್ದರೆ ಅದು ಗೋವಿಂದ.

ದೊಡ್ಡಪ್ಪ: ಯಾವ 9,000? ನನ್ನನ್ನು ಕೇಳದೆ ಹಿಡಿದರಾ?

ನಾನು: ಹೋದ ವರ್ಷ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಇತ್ತು, ಬಡ್ಡಿಯಲ್ಲಿ ಟ್ಯಾಕ್ಸ್ ಹಿಡಿಯಬೇಡಿ ಅಂತ ಬ್ಯಾಂಕಿಗೆ ಬರೆದುಕೊಡುವ 15ಎಚ್ ಫಾರಂ ಕೊಡೋಕೆ ನೀವು ಹೋಗಲಿಲ್ಲ. ಆಮೇಲೆ ಮರೆತಿರಿ. ಪುಣ್ಯಕ್ಕೆ 2020ರ ಮೇ 14ರಿಂದ ಟಿಡಿಎಸ್ಸನ್ನು, ಅಂದರೆ ಹೀಗೆ ಮೊದಲೇ ಹಿಡಿಯುವ ಟ್ಯಾಕ್ಸನ್ನು, ಶೇ 10ರಿಂದ 7.5ಕ್ಕೆ ಇಳಿಸಿದ್ದರು. ಇಲ್ಲದಿದ್ದರೆ 12,000 ಹೋಗಿರುತ್ತಿತ್ತು.

(ಇಲ್ಲಿ ನಲವತ್ತು ನಿಮಿಷ ಯಾರೂ ಮಾತಾಡಲಿಲ್ಲ. 9,000 ತನ್ನ ಕೆಲಸ ಮಾಡುತ್ತಿತ್ತು.)

ದೊಡ್ಡಪ್ಪ: ಬಿಲ್ ನನ್ನ ಹತ್ತಿರ ಇಲ್ಲ. ಅವನ ಚೀಲದಲ್ಲಿದೆ.

(ಅವನು ಅಂದರೆ ಚಿಕ್ಕಪ್ಪ. ಮೇ ತಿಂಗಳಲ್ಲಿ ಕೊರೋನಾದಲ್ಲಿ ಹೋದರು. ಪ್ರತಿ ಜುಲೈನಲ್ಲಿ ಶಿವಮೊಗ್ಗದಿಂದ ರೆಕ್ಸಿನ್ ಚೀಲ ಹಿಡಿದು ಹಾಸನಕ್ಕೆ, ಮೈಸೂರಿಗೆ, ನಮ್ಮನೆಗೆ ಬಂದು ಎಲ್ಲರ ರಿಟರ್ನನ್ನೂ ಹಾಕುತ್ತಿದ್ದವರು ಅವರೇ. ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ ಅನ್ನೋ ಒಂದೇ ಕಾರಣಕ್ಕೆ ಈ ವರ್ಷ ಅದು ನನ್ನ ತಲೆಗೆ ಬಂದಿತ್ತು.)

ಚಿಕ್ಕಮ್ಮ: ಚೀಲ ಇಲ್ಲೇ ಇದೆ ಭಾವ. ತೆಗೆದು ನೋಡಿಲ್ಲ. ನಾಳೆ ನೋಡುತ್ತೇನೆ

ಸೋಮವಾರ, ಸೆಪ್ಟೆಂಬರ್ 6

ಚಿಕ್ಕಮ್ಮ: (ಫೋಟೊ)

ಚಿಕ್ಕಮ್ಮ: ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಕವರ್. ಭಾವನ ಕವರ್ ಮೇಲೆ "ಅಣ್ಣ 20-21" ಅಂತ ಬರೆದಿದ್ದಾರೆ. ಕಣ್ಣಿನ ಆಸ್ಪತ್ರೆ ಬಿಲ್ಲು ಒಳಗಿದೆ, ಗುಂಡುಸೂಜಿ ಚುಚ್ಚಿ. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ "ಚೆಕ್ ನಂಬರ್ ಕೇಳಬೇಕು" ಅಂತ ಇದೆ

ದೊಡ್ಡಪ್ಪ: ಕೇಳಲೇ ಇಲ್ಲ ನನ್ನನ್ನು.

ಅಪ್ಪ: ಮಾರ್ಚ್‌ನಲ್ಲೇ ಎಲ್ಲ ಜೋಡಿಸಿಟ್ಟಿದ್ದ. ನನ್ನ ಕವರ್ ಇದೆಯೇನಮ್ಮ?

ಚಿಕ್ಕಮ್ಮ: ಇದೆ ಭಾವ. ಎಲ್ಲರದ್ದೂ ಇದೆ

ನಾನು: ದೊಡ್ಡಪ್ಪ, ಈಗ ಇನ್‌ಕಂ ಟ್ಯಾಕ್ಸ್ ಪೋರ್ಟಲ್ ಒಳಗೆ ಹೋಗಬೇಕು. ಪಾಸ್‌ವರ್ಡ್ ಗೊತ್ತಾ?

ದೊಡ್ಡಪ್ಪ: ಅದೂ ಅವನಿಗೇ ಗೊತ್ತು.

ನಾನು: ಹೊಸದು ಮಾಡಿಕೊಳ್ಳಬಹುದು. ಒಟಿಪಿ ಬರುತ್ತದೆ. ನಿಮ್ಮ ಆಧಾರ್‌ಗೆ ಕೊಟ್ಟ ನಂಬರು?

ಅಣ್ಣ ಪುಣೆ: ಅದು ಬಂದ್ ಆಗಿ ನಾಲ್ಕು ವರ್ಷ ಆಯ್ತು. ಎಷ್ಟು ಸಲ ಹೇಳಿದೆ ಬದಲಾಯಿಸಿ ಅಂತ

ನಾನು: ಹಾಗಾದರೆ ಪೋರ್ಟಲ್‌ನಲ್ಲಿ ಕೊಟ್ಟಿರುವ ಮೊಬೈಲಿಗೆ ಬರಬೇಕು. ಕೊನೆಗೆ 43 ಅಂತ ತೋರಿಸುತ್ತಿದೆ. ಯಾರದು?

ತಮ್ಮ ಶಿವಮೊಗ್ಗ: ಅಪ್ಪಂದು ಅಕ್ಕ

ತಮ್ಮ ಶಿವಮೊಗ್ಗ: ಎಲ್ಲರದ್ದಕ್ಕೂ ಅಪ್ಪ ತಮ್ಮ ನಂಬರನ್ನೇ ಕೊಟ್ಟಿದ್ದಾರೆ ಅನ್ಸುತ್ತೆ. ನಾನು ಜೂನ್‌ನಲ್ಲೇ ಸಿಮ್ ಬಂದ್ ಮಾಡಿಸೋಣ ಅಂದಿದ್ದೆ. ಅಮ್ಮ ಬಿಡಲಿಲ್ಲ

ಚಿಕ್ಕಮ್ಮ: ದಿನಾ ಚಾರ್ಜ್ ಹಾಕಿ ಇಟ್ಟಿದ್ದೇನೆ. ಏನೋ ಒಂದು ಮೆಸೇಜ್ ಬರುತ್ತಿರುತ್ತೆ ಬ್ಯಾಂಕಿಂದ

ದೊಡ್ಡಪ್ಪ: ಒಟಿಪಿ ಯಾರಿಗೂ ಕೊಡಬಾರದು ಅಂತ ಪೊಲೀಸರೇ ಹೇಳುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರು ರಿಫಂಡ್ ಅಂತ ಲಿಂಕ್ ಒತ್ತಿ 40,000 ಕಳೆದುಕೊಂಡರು. ಬೇಕಾದರೆ ಕಾಗದ ಕಳಿಸಿ, ಸಹಿ ಹಾಕಿ ಪೋಸ್ಟ್ ಮಾಡುತ್ತೇನೆ.

ನಾನು: ಪೋಸ್ಟ್ ಮಾಡಿ, ಸಂತೋಷ. ರಿಟರ್ನ್ ಹಾಕಿದ ಮೇಲೆ ಒಂದು ಪುಟದ ಅಕ್ನಾಲಜ್ಮೆಂಟ್ ಬರುತ್ತದೆ. ಸಹಿ ಹಾಕಿ 120 ದಿನದೊಳಗೆ ಇನ್‌ಕಂ ಟ್ಯಾಕ್ಸ್‌ನವರ ಸಿಪಿಸಿ, ಬೆಂಗಳೂರು 560500ಕ್ಕೆ ಸ್ಪೀಡ್ ಪೋಸ್ಟ್ ಮಾಡಿದರೆ ಆಯಿತು. ಆದರೆ ಒಳಗೆ ಹೋಗೋಕೇ ಒಟಿಪಿ ಬೇಕಲ್ಲ.

ಅಣ್ಣ ಪುಣೆ: ಸುಮ್ನೆ ಆಡಿಟರ್‌ಗೆ ಕೊಡಿ. ಜೂನ್ 7ಕ್ಕೆ ಹೊಸ ಪೋರ್ಟಲ್ ಬಂದಾಗಿಂದ ಆಡಿಟರ್‌ಗಳೇ ತಲೆ ಚಚ್ಚಿಕೊಳ್ಳುತ್ತಿದ್ದಾರೆ, ನೀನ್ಯಾಕೆ ಮೈಮೇಲೆ ಹಾಕಿಕೊಳ್ಳುತ್ತೀಯ ಪುಟ್ಟಿ

ನಾನು: ಆಡಿಟರ್ ಏನು ಒಟಿಪಿ ಇಲ್ಲದೆ ಹೋಗುತ್ತಾರಾ? ನೀನು ಪುಣೆಯಲ್ಲಿ ಕೂತು ಹೇಳೋದು ಸುಲಭ ಕಣೋ.

ನಾನು: ಇನ್ನೊಂದು ವಿಷಯ ಹೇಳಲೇಬೇಕು. ಚಿಕ್ಕಪ್ಪನದ್ದೂ ಹಾಕಬೇಕು.

ದೊಡ್ಡಪ್ಪ: ಏನಂದೆ?

ನಾನು: 2020-21 ಪೂರ್ತಿ ಇದ್ದರಲ್ಲ ಅವರು. ಆ ವರ್ಷದ ರಿಟರ್ನನ್ನು ವಾರಸುದಾರರು ಹಾಕಬೇಕು. ತಮ್ಮ ತನ್ನ ಲಾಗಿನ್‌ನಿಂದ ವಾರಸುದಾರ ಅಂತ ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಇಬ್ಬರ ಪಾನ್ ಕಾರ್ಡ್, ವಾರಸುದಾರ ಅನ್ನೋದಕ್ಕೆ ದಾಖಲೆ ಕೇಳುತ್ತಾರೆ. ಏಪ್ರಿಲ್ 1ರಿಂದ ಅವರು ಹೋದ ದಿನದವರೆಗಿನದು ಮುಂದಿನ ವರ್ಷ.

ದೊಡ್ಡಪ್ಪ: ಸತ್ತವನ ಬೆನ್ನೂ ಬಿಡುವುದಿಲ್ಲವಾ ಇವರು? ನಾವೆಲ್ಲ ಸೇರಿ ಆಸ್ಪತ್ರೆಗೆ ಹಾಕಿದ ದುಡ್ಡಿಗೂ ಟ್ಯಾಕ್ಸ್ ಕೇಳಲಿ, ಆಗ ನೋಡುತ್ತೇನೆ.

ನಾನು: ಸಿಟ್ಟು ಮಾಡಿಕೊಳ್ಳಬೇಡಿ, ಅದನ್ನೂ ನೋಡಿದೆ. ನೀವು, ಅಪ್ಪ, ಅತ್ತೆ ಕೊಟ್ಟದ್ದಕ್ಕೆ ಏನೂ ಇಲ್ಲ. ಒಡಹುಟ್ಟಿದವರು. ಅಣ್ಣ ಚಿಕ್ಕಪ್ಪನ ಖಾತೆಗೆ ಹಾಕಿದ 1,50,000 ಇದೆ ನೋಡಿ, ತಮಾಷೆ ಅಲ್ಲಿದೆ. ಚಿಕ್ಕಪ್ಪ ಅಣ್ಣನ ಮಗನಿಗೆ ಕೊಟ್ಟರೆ ಸಂಬಂಧಿ ಕೊಟ್ಟ ಹಾಗೆ. ಅಣ್ಣನ ಮಗ ಚಿಕ್ಕಪ್ಪನಿಗೆ ಕೊಟ್ಟರೆ ಕಾನೂನಿನ ಪಟ್ಟಿಯಲ್ಲಿ ಸಂಬಂಧಿಯೇ ಅಲ್ಲ. 50,000 ದಾಟಿದರೆ ಪೂರ್ತಿ ಆದಾಯ ಅಂತ ಲೆಕ್ಕ.

ಅಣ್ಣ ಪುಣೆ: ನಾನು ಸಂಬಂಧಿ ಅಲ್ವಾ?!

ಮೈಸೂರು ಅತ್ತೆ: ಎತ್ತಿ ಆಡಿಸಿದವನು ಅವನು. ಯಾರು ಬರೆದರೋ ಈ ಕಾನೂನು

ನಾನು: ಕೇಳಿ ಪೂರ್ತಿ. ಕೊರೋನಾ ಚಿಕಿತ್ಸೆಗೆ ಯಾರೇ ಕೊಟ್ಟಿದ್ದರೂ ಟ್ಯಾಕ್ಸ್ ಇಲ್ಲ ಅಂತ ಜೂನ್ 25ಕ್ಕೆ ಕೇಂದ್ರ ಸರ್ಕಾರ ಘೋಷಿಸಿದೆ. 2019-20ರಿಂದಲೇ ಅನ್ವಯ. ಕಾನೂನು ತಿದ್ದುಪಡಿ ಆಮೇಲಂತೆ. ಆಸ್ಪತ್ರೆ ಬಿಲ್ಲು, ಪಾಸಿಟಿವ್ ರಿಪೋರ್ಟ್ ಜೋಪಾನವಾಗಿಡಿ.

ಚಿಕ್ಕಮ್ಮ: ಅವನ್ನೆಲ್ಲ ಹೊಸ ಕವರ್‌ಗೆ ಹಾಕಿ ಚೀಲದಲ್ಲೇ ಇಟ್ಟಿದ್ದೇನೆ

ಗುರುವಾರ, ಸೆಪ್ಟೆಂಬರ್ 9

ಮೈಸೂರು ಅತ್ತೆ: (ಫೋಟೊ) ಗೌರಿ ಕೂರಿಸಿದೆ. ನಿಮಗೆಲ್ಲ ಈ ವರ್ಷ ಹಬ್ಬ ಇಲ್ಲ ಅಂತ ಗೊತ್ತು, ಸುಮ್ನೆ ಹಾಕಿದೆ

ದೊಡ್ಡಪ್ಪ: (ಫಾರ್ವರ್ಡ್) ಐಟಿ ರಿಟರ್ನ್ ಸಲ್ಲಿಕೆ: ಡಿಸೆಂಬರ್ 31ರವರೆಗೆ ವಿಸ್ತರಣೆ

ದೊಡ್ಡಪ್ಪ: ನೋಡು ಪುಟ್ಟಿ. 25 ದಿನ, 25 ದಿನ ಅಂತ ಕುಣಿದೆಯಲ್ಲ. ಇದೂ ಸುಳ್ಳು ಅನ್ನು.

ನಾನು: ಇಲ್ಲ ದೊಡ್ಡಪ್ಪ, ಇದು ನಿಜ. ಇವತ್ತೇ ಆದೇಶ ಬಂದಿದೆ.

ದೊಡ್ಡಪ್ಪ: ಹಾಗಾದರೆ ಡಿಸೆಂಬರ್‌ನಲ್ಲಿ ನೋಡೋಣ. ಅಷ್ಟರಲ್ಲಿ ಇನ್ನೊಂದು ಸಲ ಮುಂದೆ ಹಾಕುತ್ತಾರೆ. ಹೋದ ವರ್ಷ ಜನವರಿ 10ಕ್ಕೆ ಹೋಗಿತ್ತು.

ಅಣ್ಣ ಪುಣೆ: ಅಪ್ಪ ಹೇಳೋದೂ ಸರಿ. ಪೋರ್ಟಲ್ ಒಂದು ಹದಕ್ಕೆ ಬರಲಿ

ನಾನು: ನಿಮ್ಮ ದುಡ್ಡು, ನಿಮ್ಮಿಷ್ಟ. ನನಗೂ ಆಫೀಸ್ ಕೆಲಸ ಇದೆ.

(ಇದನ್ನು ಸಿಟ್ಟಿನಲ್ಲೇ ಬರೆದೆ. ಅಳಿಸೋಣ ಅಂದುಕೊಳ್ಳುವಷ್ಟರಲ್ಲಿ ನೀಲಿ ಟಿಕ್ ಬಂದಿತ್ತು.)

ಚಿಕ್ಕಮ್ಮ: ಡಿಸೆಂಬರ್‌ವರೆಗೆ ಬೇಡ ಭಾವ

ಚಿಕ್ಕಮ್ಮ: ಇವರ ಫೋನಿನ ರೀಚಾರ್ಜ್ 28ಕ್ಕೆ ಮುಗಿಯುತ್ತೆ. ಮತ್ತೆ ಹಾಕಿಸೋದಿಲ್ಲ ಅಂತ ಅಂದುಕೊಂಡಿದ್ದೇನೆ. ಅಷ್ಟರಲ್ಲಿ ಎಲ್ಲರದ್ದೂ ಮುಗಿಸಿ

ದೊಡ್ಡಪ್ಪ: ಸರಿ ಕಣಮ್ಮ.

ದೊಡ್ಡಪ್ಪ: ಪುಟ್ಟಿ, ಚೆಕ್ ನಂಬರ್ ಹುಡುಕಿದೆ. ಕೌಂಟರ್‌ಫಾಯಿಲ್ ಫೋಟೊ ಹಾಕುತ್ತೇನೆ, ಬರೆದುಕೋ.

ನಾನು: ಹಾಕಿ. ಒಟಿಪಿ ಈಗ ಕಳಿಸುತ್ತಿದ್ದೇನೆ ಚಿಕ್ಕಮ್ಮ. ಫೋನ್ ಹತ್ತಿರ ಇದೆಯಾ? ಒಳಗೆ ಹೋದ ಕೂಡಲೇ ದೊಡ್ಡಪ್ಪನ ನಂಬರೇ ಹಾಕಿಬಿಡುತ್ತೇನೆ.

ಚಿಕ್ಕಮ್ಮ: ಕೈಯಲ್ಲೇ ಇದೆ

ಚಿಕ್ಕಮ್ಮ: ಬಂತು. ಆರು ಅಂಕಿ

ನಾನು: ಗ್ರೂಪಿಗೆ ಹಾಕಬೇಡಿ, ಫೋನ್ ಮಾಡುತ್ತೇನೆ

ಚಿಕ್ಕಮ್ಮ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ನಾನು ನೋಡಲಿಲ್ಲ.