ಅಮ್ಮನ ಪಾದ ಜುಮ್ಮೆನ್ನುತ್ತಿದೆ, ವಿಟಮಿನ್ ಬಿ12 ಕೊರತೆ ಇರಬಹುದಾ?

ಸೋಮವಾರಪೇಟೆಯವ: ಅಮ್ಮನಿಗೆ 62. ತುಂಬಾ ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದಾರೆ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಈಚೆಗೆ ಎರಡೂ ಪಾದ ಜುಮ್ಮೆನ್ನುತ್ತದೆ, ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗುವುದಿಲ್ಲ. ನಾಲಿಗೆ ಕೆಂಪಾಗಿ ಉರಿಯುತ್ತದೆ. ಮಳೆಗಾಲದ ಥಂಡಿ ಅಂತ ಸುಮ್ನೆ ಇದ್ದುಬಿಡುತ್ತಾರೆ. ಏನು ಮಾಡಲಿ?

ತೋಟದಮನೆ: ಥಂಡಿಗೆ ನಾಲಿಗೆ ಉರಿಯುವುದಿಲ್ಲ ಅಲ್ವಾ! ಬೇಗ ಡಾಕ್ಟರಿಗೆ ತೋರಿಸಿ, ಬಿ12 ಮತ್ತು ಸಿಬಿಸಿ (ರಕ್ತಕಣಗಳ ಎಣಿಕೆ) ಟೆಸ್ಟ್ ಮಾಡಿಸಿ. ಮೆಟ್‌ಫಾರ್ಮಿನ್ ಜಾಸ್ತಿ ವರ್ಷ ತಗೊಂಡರೆ ಬಿ12 ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಶುಗರ್‌ನಿಂದಲೂ ನರ ಹೀಗಾಗಬಹುದು, ಅದಕ್ಕೇ ಟೆಸ್ಟ್ ಬೇಕು.

ವಿರಾಜಪೇಟೆ ಅಕ್ಕ: ಸೊಪ್ಪು ತಿಂದರೆ ಸರಿಹೋಗುತ್ತದೆ ಅನ್ನುವವರು ಇಲ್ಲಿ ಬಹಳ. ಕೊಡಗಿನ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ನಾವೂ ಮಾಡುತ್ತೇವೆ, ಆದರೆ ಸೊಪ್ಪಿನಿಂದ ಬಿ12 ಸಿಗುವುದಿಲ್ಲ. ಅದು ಇರುವುದು ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ. ಇನ್ನೊಂದು, ಸುಸ್ತು ಅಂತ ಬರೀ ಫೋಲಿಕ್ ಆಸಿಡ್ (ಇನ್ನೊಂದು ಬಿ ವಿಟಮಿನ್) ಮಾತ್ರೆ ಕೊಡಬೇಡಿ. ಬಿ12 ಕೊರತೆ ಇದ್ದಾಗ ಅದನ್ನು ಕೊಟ್ಟರೆ ರಕ್ತದ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ, ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಸೋಮವಾರಪೇಟೆಯವ: ಥ್ಯಾಂಕ್ಸ್ ಅಕ್ಕಾ. ಅಷ್ಟರವರೆಗೆ ಬಿ ಕಾಂಪ್ಲೆಕ್ಸ್ ಶುರು ಮಾಡಲಾ?

ತೋಟದಮನೆ: ಬೇಡ, ಮೊದಲು ಟೆಸ್ಟಿಗೆ ರಕ್ತ ಕೊಡಿಸಿ, ಇಲ್ಲದಿದ್ದರೆ ಅದರಲ್ಲಿರುವ ಬಿ12ನಿಂದ ರಿಪೋರ್ಟಿನಲ್ಲಿ ಕೊರತೆ ಮುಚ್ಚಿಹೋಗಬಹುದು. ಕೊರತೆ ಇದ್ದು ನರದ ತೊಂದರೆಯೂ ಇದ್ದರೆ ಸಾಮಾನ್ಯವಾಗಿ ಮೊದಲು ಇಂಜೆಕ್ಷನ್ ಕೊಡುತ್ತಾರೆ, ಆಮೇಲೆ ಮಾತ್ರೆ. ಸುಸ್ತು ಬೇಗ ಹೋಗುತ್ತದೆ, ಜುಮ್ಮೆನ್ನುವುದು ಕಡಿಮೆಯಾಗಲು ತಿಂಗಳುಗಳೇ ಬೇಕು. ತಡವಾದಷ್ಟೂ ಪೂರ್ತಿ ವಾಸಿಯಾಗುವುದು ಕಷ್ಟ. ಅಲ್ಲಿಯವರೆಗೆ ದಿನಾ ಸಂಜೆ ಅಮ್ಮನ ಪಾದ ತಿರುಗಿಸಿ ನೋಡಿ, ಬೆರಳ ಸಂದಿಯಲ್ಲಿ ಗಾಯ ಇದೆಯಾ ಅಂತ.