ಅಪ್‌ಡೇಟ್: ಗ್ಯಾಲಕ್ಸಿಯ ವೇಗ ಕಡಿಮೆ ಬರುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಹೈಡ್ರೋಜನ್ ಅನಿಲ ಸೂಸುವ 21 ಸೆಂ.ಮೀ. ರೇಖೆಯಿಂದ (ಒಂದು ನಿಶ್ಚಿತ ಆವರ್ತನದ ರೇಡಿಯೊ ಸಂಕೇತ) ನಮ್ಮ ಕ್ಷೀರಪಥದ ಸುತ್ತುವ ವೇಗ ಅಳೆದರೆ 40° ರೇಖಾಂಶದಲ್ಲಿ (ಗ್ಯಾಲಕ್ಸಿಯ ಕೇಂದ್ರದ ದಿಕ್ಕಿನಿಂದ 40° ಪಕ್ಕಕ್ಕೆ) 220ರ ಆಸುಪಾಸು ಬರಬೇಕಾದಲ್ಲಿ ಬರೀ 174 ಕಿ.ಮೀ./ಸೆ. ಬರುತ್ತಿದೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ತಪ್ಪು ಆಂಟೆನಾದ್ದಲ್ಲ, ಯಾವ ಆವರ್ತನದಲ್ಲಿ ಸಂಕೇತ ಎಷ್ಟು ಬಲವಾಗಿದೆ ಎಂದು ತೋರಿಸುವ ಗ್ರಾಫನ್ನು ನಾನು ಓದಿದ ರೀತಿಯದ್ದು. ಅತಿ ಎತ್ತರದ ಶಿಖರವನ್ನೇ ಹಿಡಿದು ಡಾಪ್ಲರ್ ಲೆಕ್ಕ (ಆವರ್ತನ ಸರಿದದ್ದರಿಂದ ವೇಗ ತಿಳಿಯುವುದು) ಹಾಕಿದ್ದೆ. ಆದರೆ ಶಿಖರ ಹೇಳುವುದು ಯಾವ ವೇಗದಲ್ಲಿ ಅನಿಲ ಹೆಚ್ಚು ಸೇರಿದೆ ಎಂಬುದನ್ನು ಮಾತ್ರ. ನಮಗೆ ಬೇಕಾದ್ದು ನಾವು ನೋಡುವ ದೃಷ್ಟಿರೇಖೆ ಗ್ಯಾಲಕ್ಸಿಯ ಕೇಂದ್ರಕ್ಕೆ ಅತಿ ಹತ್ತಿರ ಹಾಯುವ ಬಿಂದು. ಅಲ್ಲಿನ ಅನಿಲ ನೇರ ನಮ್ಮಿಂದ ದೂರ ಓಡುತ್ತದೆ, ಹಾಗಾಗಿ ಅದು ಕಡಿಮೆ ಆವರ್ತನದ ತುದಿಯಲ್ಲಿ, ಸಣ್ಣ ಇಳಿಜಾರಾಗಿ ಕೂತಿರುತ್ತದೆ. ಆ ಇಳಿಜಾರನ್ನು ನಾನು ಗದ್ದಲ (ನಾಯ್ಸ್) ಅಂದುಕೊಂಡು ಕತ್ತರಿಸಿ ಹಾಕಿದ್ದೆ!

ಭೂಮಿಯ 30 ಕಿ.ಮೀ./ಸೆ. ಪರಿಭ್ರಮಣ, ಅಕ್ಕಪಕ್ಕದ ನಕ್ಷತ್ರಗಳ ನಡುವೆ ಸೂರ್ಯನ ಸ್ವಂತ ಚಲನೆ ಎರಡನ್ನೂ ಕಳೆದು ಮತ್ತೆ ನೋಡಿದೆ. ಆ ಇಳಿಜಾರಿನ ಅಂಚು ಸುಮಾರು 1420.00 ಮೆಗಾಹರ್ಟ್ಸ್‌ನಲ್ಲಿದೆ. ಮೂಲ ಆವರ್ತನ 1420.406, ಅಂದರೆ 86 ಕಿ.ಮೀ./ಸೆ. ಸೂರ್ಯನ ಜೊತೆ ನಾವೂ ಗ್ಯಾಲಕ್ಸಿಯನ್ನು ಸುಮಾರು 220 ಕಿ.ಮೀ./ಸೆ. ವೇಗದಲ್ಲಿ ಸುತ್ತುತ್ತಿದ್ದೇವೆ, ಅದರಲ್ಲಿ ಸೈನ್ 40° ಪಾಲು, 141, ಸೇರಿಸಿದರೆ 227.

ಅನಿಲದ ಒಳಗಿನ ಅಡ್ಡಾದಿಡ್ಡಿ ಚಲನೆ ಅಂಚನ್ನು ಕೆಲವು ಕಿ.ಮೀ./ಸೆ. ಆಚೆ ತಳ್ಳುತ್ತದೆ, ಅದನ್ನಿನ್ನೂ ತಿದ್ದಿಲ್ಲ. 30° ಮತ್ತು 50°ಯಲ್ಲೂ ಹೆಚ್ಚುಕಡಿಮೆ ಇಷ್ಟೇ ಬಂತು. ಕೇಂದ್ರದಿಂದ ದೂರಕ್ಕೆ ತಕ್ಕಂತೆ ಸುತ್ತುವ ವೇಗ ತೋರಿಸುವ ಗೆರೆ ಚಪ್ಪಟೆಯಾಗಿ ನಿಂತದ್ದನ್ನು ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಮುಂದೆ 20°ಗಿಂತ ಒಳಗೆ ಹೋಗುವುದಿಲ್ಲ, ಅಲ್ಲಿ ಅನಿಲದ ದಾರಿ ವೃತ್ತಾಕಾರವಲ್ಲ.