ಪೆಸ್ಟೊದಲ್ಲಿ ಗೋಡಂಬಿ: ದೂರು ಎಲ್ಲಿ ಕೊಡಬೇಕು?

ಜಯನಗರದವರು: ಇಂದಿರಾನಗರದ ದುಬಾರಿ ಇಟಾಲಿಯನ್ ಹೋಟೆಲೊಂದರಲ್ಲಿ, ತಂಗಿಗೆ ಗೋಡಂಬಿ ಆಗುವುದಿಲ್ಲವೆಂದು ಮೊದಲೇ ತಿಳಿಸಿದ್ದರೂ, ಪೆಸ್ಟೊದಲ್ಲಿ (ಬೇಸಿಲ್ ಎಲೆ ರುಬ್ಬಿ ಮಾಡುವ ಇಟಾಲಿಯನ್ ಚಟ್ನಿ) ಅದಿಲ್ಲವೆಂದು ಹೇಳಿ ಪಾಸ್ತಾ ತಂದಿಟ್ಟರು, ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಅವಳ ತುಟಿ ಊದಿಕೊಂಡಿತು. ದೂರು ಎಲ್ಲಿ ಕೊಡಬೇಕು?

ಮಲ್ಲೇಶ್ವರದವರು: ಇಟಲಿಯ ಜಿನೋವಾದ ಮೂಲ ಪೆಸ್ಟೊದಲ್ಲಿ ಬಳಸುವ ಪೈನ್ ನಟ್ (ಪೈನ್ ಮರದ ಬೀಜ) ಇಲ್ಲಿ ಬಲು ದುಬಾರಿಯಾದ್ದರಿಂದ ಅದರ ಬದಲಿಗೆ ಗೋಡಂಬಿಯನ್ನು ರುಬ್ಬಿ ಹಾಕುವುದುಂಟು. ಬಡಿಸುವವರಿಗೆ ಇದು ಗೊತ್ತಿಲ್ಲದಿರಬಹುದು, ಆದರೆ ಅಡುಗೆಮನೆಯಲ್ಲಿ ವಿಚಾರಿಸದೆ ಭರವಸೆ ಕೊಟ್ಟದ್ದು ಅಕ್ಷಮ್ಯ. ಬಿಲ್ಲು ಮತ್ತು ವೈದ್ಯರ ಚೀಟಿಯನ್ನು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಬಸವನಗುಡಿಯ ವೈದ್ಯೆ: ಮುಂದೆಂದಾದರೂ ಊತದೊಂದಿಗೆ ಉಸಿರಾಟಕ್ಕೂ ತೊಡಕಾದರೆ, ಅಲರ್ಜಿ ಮಾತ್ರೆಯನ್ನು ನೆಚ್ಚಿ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ, ಆಗ ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು.